ಮಾರ್ಗರೆಟ್ ಅಲ್ಲ, ಪೆಗಿ

ಯಾರ್ಕ್‌ಶೈರಿನ ಈ ಮೂಲೆಯೂರಿನಲ್ಲಿ ನಲವತ್ತು ವರ್ಷದಿಂದ ಗೋರಿಕಲ್ಲುಗಳ ಮೇಲೆ ಹೆಸರು ಕೆತ್ತುತ್ತಿದ್ದೇನೆ. ಸತ್ತವರು ತಕರಾರು ಮಾಡುವುದಿಲ್ಲ, ಅದೊಂದು ಪುಣ್ಯ. ಬದುಕಿರುವಾಗಲೇ ಕಲ್ಲಿನ ತಕರಾರು ತೆಗೆದು ನನಗೆ ಸಾಕು ಸಾಕು ಅನ್ನಿಸಿದವಳು ಪೆಗಿ ಔತ್‌ವೇಟ್ ಒಬ್ಬಳೇ.

ಐವತ್ತು ವರ್ಷ ಊರಿನವರ ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕಿದವಳು. ಕೊಟ್ಟುಹೋದ ಅಂಗಿಯ ಕಾಲರಿನಲ್ಲಿ ಕಲೆ ಉಳಿದಿದೆ ಅಂತ ನೆನಪಾದರೆ, ಮಳೆಯಲ್ಲೇ ಬಂದು ಅದನ್ನು ಕಿತ್ತುಕೊಂಡು ಹೋಗುತ್ತಿದ್ದಳು. ಗಂಡ ವಿಲ್ಫ್ರೆಡ್ ತೀರಿಕೊಂಡಾಗ ಅವನ ಕಲ್ಲಿನಲ್ಲಿ ಅವಳಿಗೂ ಜಾಗ ಬಿಟ್ಟಿದ್ದೆ. ಎಪ್ಪತ್ತೆಂಟು ತುಂಬಿದ ವಾರ ಬಂದು, ತನ್ನ ಹೆಸರನ್ನು ಈಗಲೇ ಕೆತ್ತಬೇಕು, ಪೆಗಿ ಅಂತಲೇ ಕೆತ್ತಬೇಕು, ಸತ್ತಮೇಲೆ ನಿಮ್ಮನ್ನೆಲ್ಲ ನಂಬುವವರು ಯಾರು ಎಂದಳು.

ಚರ್ಚಿನ ಅಂಗಳದಲ್ಲಿ ಪಾದ್ರಿಯ ಒಪ್ಪಿಗೆಯಿಲ್ಲದೆ ನಾನು ಉಳಿ ಎತ್ತುವಂತಿಲ್ಲ. ಹೊಸ ಪಾದ್ರಿ ಲೈಲ್ ಓದಿಕೊಂಡವರು, ಆದರೆ ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು. ಕಲ್ಲಿನ ಮೇಲೆ ದೀಕ್ಷಾಸ್ನಾನದಲ್ಲಿ ಇಟ್ಟ ಮಾರ್ಗರೆಟ್ ಎಂಬ ಹೆಸರೇ ಇರಬೇಕು, ಮುದ್ದಿನ ಹೆಸರು ಸಲ್ಲದು ಎಂದರು. ಮಾರ್ಗರೆಟ್ ಅಂದರೆ ಗ್ರೀಕರ ಮಾತಿನಲ್ಲಿ ಮುತ್ತು. ಅದು ಸವೆದು ಮೆಗ್ ಆಯಿತು, ವಿಲ್ ಎಂಬ ಹೆಸರು ಬಾಯಲ್ಲಿ ಬಿಲ್ ಆದ ಹಾಗೆ ಮೆಗ್ ಹೋಗಿ ಪೆಗ್ ಆಯಿತು, ಆಮೇಲೆ ಪೆಗಿ ಎಂದು ನಮ್ಮಿಬ್ಬರನ್ನೂ ನಿಲ್ಲಿಸಿ ಪಾಠವನ್ನೇ ಮಾಡಿದರು.

"ಮುತ್ತನ್ನ ಬಿಟ್ಟು ಅದರ ಚೂರನ್ನ ಯಾಕಮ್ಮಾ ಹಿಡ್ಕೊಂಡಿದೀರಿ?"

ಮೂರು ಭಾನುವಾರ ಕೇಳಿದಳು. ಮೂರು ಭಾನುವಾರವೂ ಆಗದು ಎಂದರು. ನನಗೇ ರೇಗಿಹೋಗಿತ್ತು, ಇಬ್ಬರ ಮೇಲೂ. ನಾಲ್ಕನೆಯ ಭಾನುವಾರ ಪ್ರಾರ್ಥನೆ ಮುಗಿದದ್ದೇ ಪಾದ್ರಿಯ ತೋಳು ಹಿಡಿದು, ಗೋಡೆಯ ಬದಿಯಲ್ಲಿ ಪಾಚಿಗಟ್ಟಿದ್ದ ಮೊಳದುದ್ದದ ಕಲ್ಲೊಂದರ ಹತ್ತಿರ ಕರೆದೊಯ್ದಳು. ನನ್ನನ್ನೂ ಬಾ ಎಂದಳು. ಓದಿ ಎಂದಳು. ಪಾದ್ರಿ ಬಗ್ಗಿ ಓದಿದರು: ಮಾರ್ಗರೆಟ್, ಎರಡು ವರ್ಷ.

"ಇವಳು ನಮ್ಮಕ್ಕ. ಇವಳು ಹೋದ ಮಾರನೇ ವರ್ಷ ನಾನು ಹುಟ್ಟಿದೆ. ಅಪ್ಪ ಇವಳ ಹೆಸರೇ ನಂಗಿಟ್ಟ, ಆವಾಗ ಹಾಗೇ ಇಡ್ತಿದ್ರು. ಅಮ್ಮನ ಬಾಯಲ್ಲಿ ಮಾತ್ರ ಅದು ಬರ್ತಾನೇ ಇರ್ಲಿಲ್ಲ, ಕರೆಯೋಕೆ ಹೋಗಿ ಅತ್ತುಬಿಡ್ತಿದ್ಲಂತೆ. ಕೊನೆಗೆ ಪೆಗಿ ಅಂದ್ಲು. ನಂಗೇ ಅಂತ ಇಟ್ಟಿದ್ದು ಅದೊಂದೇ ಪಾದ್ರಿಗಳೇ."

ಪಾದ್ರಿ ಅದೇ ಸಂಜೆ ಒಪ್ಪಿಗೆಯ ಚೀಟಿಯನ್ನು ತಾವೇ ನನ್ನ ಮನೆಗೆ ತಂದುಕೊಟ್ಟರು.

ಮಂಗಳವಾರ ಕೆತ್ತಿದೆ. ಅವಳು ಸ್ಟೂಲು ಹಾಕಿಕೊಂಡು ಕೊನೆಯ ಅಕ್ಷರದವರೆಗೂ ಕಾವಲು ಕೂತಿದ್ದಳು. ಕಲ್ಲಿನ ಪುಡಿ ಊದಿ, ಸರಿಯಾಗಿದೆಯಾ ಎಂದು ಕೇಳಿದೆ. ಎದ್ದು ಗೋಡೆಯ ಬದಿಯ ಆ ಪುಟ್ಟ ಕಲ್ಲಿನ ಕಡೆ ತಿರುಗಿ ನಿಂತಳು.

"ಎಪ್ಪತ್ತೆಂಟು ವರ್ಷ ನನ್ನ ಹತ್ರ ಇತ್ತು. ಅಕ್ಕನ ಹೆಸರು ಅಕ್ಕಂಗೇ ಕೊಟ್ಬಿಟ್ಟೆ."