ಹೇಳಿಕೊಟ್ಟಷ್ಟೇ ಮಾತಾಡುವ ಪಬ್ಲಿಕ್

ಚುನಾವಣೆಗೆ ಇನ್ನು ಮೂರು ವಾರವಿದೆ ಎನ್ನುವಾಗ ಬೆಂಗಳೂರಿನ ಒಂದು ಸುದ್ದಿ ಚಾನೆಲ್ಲಿನಿಂದ ನನಗೆ ಫೋನು ಬಂತು. ಲಕ್ಷ್ಮೇಶ್ವರದಲ್ಲಿ ಅಭ್ಯರ್ಥಿಗಳನ್ನು ಕೂಡಿಸಿ ಜನರೆದುರು ಚರ್ಚೆ ಮಾಡಿಸುತ್ತಾರಂತೆ. "ಸರ್, ನಮಗೆ ಇಪ್ಪತ್ತು ಜನ ಪಬ್ಲಿಕ್ ಬೇಕು," ಎಂದ ಆ ಕಡೆಯವನು, ಇಪ್ಪತ್ತು ಕುರ್ಚಿ ಬೇಕು ಎನ್ನುವಷ್ಟು ಸಲೀಸಾಗಿ.

"ಲಕ್ಷ್ಮೇಶ್ವರದಾಗ ಪಬ್ಲಿಕ್ಕಿಗೇನ ಬರ ಬಂದೈತೇನ್ರಿ? ಸಂತಿ ದಿನ ಬರ್ರಿ, ಕಾಲಿಡಾಕ ಜಾಗ ಇರಂಗಿಲ್ಲ," ಎಂದೆ.

"ಅವರಿಗೆ ಮೈಕ್ ಕೊಟ್ರೆ ವಾಪಸ್ ಕೊಡಲ್ಲ ಸರ್. ನಮಗೆ ಹೇಳಿಕೊಟ್ಟಷ್ಟೇ ಮಾತಾಡೋ ಪಬ್ಲಿಕ್ ಬೇಕು. ನೀವು ನಾಟಕದವರಲ್ವಾ?"

ನಾಟಕದವನೇ. ಬೆಟಗೇರಿಯಲ್ಲಿ ಮನೆ. ಸುತ್ತಲಿನ ಹಳ್ಳಿಯವರಿಗೆ ನಾಟಕ ಕಲಿಸುವುದು, ಹಾರ್ಮೋನಿಯಂ ಪೇಟಿ ಬಾರಿಸುವುದು, ಹೆಣ್ಣುಪಾತ್ರಕ್ಕೆ ಕಲಾವಿದೆಯರನ್ನು ಕರೆದುಕೊಂಡು ಹೋಗುವುದು ನನ್ನ ಹೊಟ್ಟೆಪಾಡು. ಹಿರೇವಡ್ಡಟ್ಟಿಯಿಂದ ಶಿಗ್ಲಿಯವರೆಗೆ ನಾನು ಕಲಿಸದ ಊರು ಕಡಿಮೆ. ಆ ಮಾತು ಕೇಳಿದ ಕೂಡಲೇ ಫೋನು ಇಟ್ಟುಬಿಡಬೇಕಿತ್ತು. ಇಡಲಿಲ್ಲ. ಟಿವಿ ಎಂಬ ಶಬ್ದ ಕಿವಿಗೆ ಬಿದ್ದರೆ ಅರವತ್ತು ದಾಟಿದ ಮುದುಕನ ಬಾಯಲ್ಲೂ ನೀರೂರುತ್ತದೆ. ಟ್ರಂಕಿನ ತಳದಿಂದ ಜರಿ ರುಮಾಲು ತೆಗೆದು ಇಸ್ತ್ರಿಗೆ ಕೊಟ್ಟೆ.

ಯಾವ ಯಾವ ನಮೂನೆಯ ಪಬ್ಲಿಕ್ ಬೇಕೆಂಬ ಪಟ್ಟಿಯನ್ನು ಅವರೇ ವಾಟ್ಸಾಪಿನಲ್ಲಿ ಕಳಿಸಿದರು. ಒಬ್ಬ ಸಿಟ್ಟಿನ ರೈತ, ಇಬ್ಬರು ಕೆಲಸ ಸಿಗದ ಪದವೀಧರರು, ಎಲ್ಲರನ್ನೂ ಬೈಯುವ ಒಬ್ಬ ಮುದುಕಿ, ಸಾಹೇಬರನ್ನು, ಎಂದರೆ ಚಾನೆಲ್ಲಿಗೆ ಬೇಕಾದ ಅಭ್ಯರ್ಥಿಯನ್ನು, ಹರಸುವ ಒಬ್ಬ ಅಕ್ಕ. ಯಾರು ಏನು ಹೇಳಬೇಕೆಂಬುದೂ ಅದರಲ್ಲೇ ಇತ್ತು. ಸಿಟ್ಟಿನ ರೈತನ ಪಾತ್ರಕ್ಕೆ ನನ್ನ ಖಾಯಂ ಖಳನಾಯಕನನ್ನು ಹಾಕಿದೆ. ಅವನಿಗೆ ಗೇಣು ಹೊಲವಿಲ್ಲ, ಗದಗಿನಲ್ಲಿ ಝೆರಾಕ್ಸ್ ಅಂಗಡಿ ಇದೆ. ಮೀಸೆ ಮಾತ್ರ ಜೋರು. ಫೋಟೋ ನೋಡಿ ಚಾನೆಲ್ಲಿನವರು, "ಒರಿಜಿನಲ್ ರೈತ ಸರ್ ಇವರು," ಎಂದು ಹಿಗ್ಗಿದರು. ಇವರ ಕಣ್ಣಿಗಿಷ್ಟು ಬೆಂಕಿ ಹಾಕ.

ಹರಸುವ ಅಕ್ಕನ ಪಾತ್ರಕ್ಕೆ ಮೂವತ್ತು ವರ್ಷದಿಂದ ನನ್ನ ಜೊತೆ ಹಳ್ಳಿ ಹಳ್ಳಿ ತಿರುಗಿದ ಹಿರಿಯ ನಟಿಯನ್ನು ಕರೆದೆ. ನಾಯಕಿಯಿಂದ ಶುರುಮಾಡಿ ಅತ್ತಿಗೆಯಾಗಿ, ತಾಯಿಯಾಗಿ, ಈಗ ಅತ್ತೆಯ ಪಾತ್ರಕ್ಕೆ ಬಂದಿದ್ದಳು. ನಾನು ಅವಳನ್ನು ತಂಗಿ ಎನ್ನುತ್ತೇನೆ, ಅವಳು ನನ್ನನ್ನು ಮಾಸ್ತರ ಎನ್ನುತ್ತಾಳೆ. ಲಕ್ಷ್ಮೇಶ್ವರದ ಅಂಚಿನಲ್ಲಿ, ಶಿಗ್ಲಿ ದಾರಿಗೆ ಎರಡು ಕೋಣೆಯ ತಗಡಿನ ಮನೆ. ಒಂದರಲ್ಲಿ ಅವಳ ಮಗಳು ಹೊಲಿಗೆ ಯಂತ್ರ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದಳು. ಆ ತಿಂಗಳು ಪುರಸಭೆಯಿಂದ ತಂಗಿಗೆ ನೋಟಿಸು ಬಂದಿತ್ತು. ಜಾಗ ಪುರಸಭೆಯದು, ಅಲ್ಲಿ ಅಂಗಡಿಗಳ ಕಟ್ಟಡ ಬರುತ್ತದೆ, ಖಾಲಿ ಮಾಡಿ ಎಂದು. ಇಪ್ಪತ್ತೆರಡು ವರ್ಷ ಅಲ್ಲೇ ಇದ್ದರೂ ಅವಳ ಕೈಯಲ್ಲಿ ಹಕ್ಕುಪತ್ರ ಇರಲಿಲ್ಲ.

ತಾಲೀಮಿನ ದಿನ ಅವಳು ಮೆಲ್ಲಗೆ ಕೇಳಿದಳು. "ಮಾಸ್ತರ, ಸಾಹೇಬರು ಎದುರಿಗೇ ಇರ್ತಾರಂತಲ್ರಿ. ನನ್ನ ಮನೀದು ಒಂದ ಮಾತ ಕೇಳ್ಲೇನ್ರಿ?"

"ಕೊಟ್ಟ ಮಾತಷ್ಟ ಹೇಳು, ತಂಗಿ. ಇದು ಟಿವಿ," ಎಂದೆ ನಾನು. ಇಂಥ ಮಾತು ಆಡಿದ ನಾಲಿಗೆ ನನ್ನದೇ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ.

ಚರ್ಚೆಯ ಸಂಜೆ ಮೈದಾನ ಗಿಜಿಗಿಡುತ್ತಿತ್ತು. ನಿಜವಾದ ಪಬ್ಲಿಕ್ ಹಗ್ಗದಾಚೆ ನಿಂತಿತ್ತು, ನನ್ನ ಪಬ್ಲಿಕ್ ಹಗ್ಗದೀಚೆ ಕುರ್ಚಿಯಲ್ಲಿ ಕೂತಿತ್ತು. ವೇದಿಕೆಯ ಮೇಲೆ ಇಬ್ಬರು ಅಭ್ಯರ್ಥಿಗಳು. ಸಾಹೇಬರು ಮುಖಕ್ಕೆ ಪೌಡರ್ ಹಚ್ಚಿಸಿಕೊಂಡು, ಹೆಗಲ ಮೇಲೆ ಹೊಸ ಶಾಲು ಹೊದ್ದು ಕ್ಯಾಮೆರಾಕ್ಕೆ ತಕ್ಕಂತೆ ತಿರುಗಿ ಕೂತಿದ್ದರು. ಇನ್ನೊಬ್ಬರು ಪಾಪ, ಒಂದು ಫೈಲು ಹಿಡಿದುಕೊಂಡು ಬಂದಿದ್ದರು. ನೀರಿನ ಯೋಜನೆಯ ಬಗ್ಗೆ ಅವರು ಬಾಯಿ ತೆರೆದಾಗಲೆಲ್ಲ ಸೂಟು ತೊಟ್ಟ ನಿರೂಪಕ ಜಾಹೀರಾತಿಗೆ ಹೋಗುತ್ತಿದ್ದ. ಫೈಲು ಓದಿ ವೋಟು ಕೇಳುವ ಗಂಡಸು ಈ ಕಾಲಕ್ಕೆ ಯಾವ ಸೀಮೆಯ ಮನುಷ್ಯನೋ.

ನನ್ನ ಝೆರಾಕ್ಸ್ ರೈತ ಗುಡುಗಿದ. ಪದವೀಧರರು ಕೊಟ್ಟ ಮಾತನ್ನು ಗಿಳಿಯಂತೆ ಒಪ್ಪಿಸಿದರು. ಆಮೇಲೆ ಮೈಕು ತಂಗಿಯ ಕೈಗೆ ಬಂತು. 'ಸಾಹೇಬರು ನಮ್ಮ ಮನೀ ಮಗ ಇದ್ದಂಗ' ಎಂಬುದು ಅವಳ ಮಾತು. ಅವಳು ಎದ್ದು ನಿಂತು, "ಸಾಹೇಬ್ರ, ನನ್ನ ಮನಿ ಕೆಡವತಾರಂತ್ರಿ," ಎಂದಳು.

ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು. "ಇಪ್ಪತ್ತೆರಡ ವರ್ಷ ಆತ್ರಿ ಅಲ್ಲಿರಾಕ ಹತ್ತಿ. ನನ್ನ ಮಗಳ ಮಷೀನ್ ಎಲ್ಲಿಡ್ಲಿ, ನನ್ನ ಒಲಿ ಎಲ್ಲಿ ಹೂಡ್ಲಿ? ಪುರಸಭಿ ನಿಮ್ಮ ಮಂದೀ ಕೈಯಾಗೈತಿ. ಒಂದ ಹಕ್ಕುಪತ್ರ ಕೊಡಸ್ರಿ, ನಿಮ್ಮ ಕಾಲ ಬೀಳತೇನಿ," ಎಂದು ಸೆರಗು ಒಡ್ಡಿ ಅಳತೊಡಗಿದಳು. ಕ್ಯಾಮೆರಾದವರು ಓಡಿ ಬಂದು ಅವಳ ಮುಖಕ್ಕೆ ಮುತ್ತಿದರು. ನಿರೂಪಕನ ಕಣ್ಣು ಖುಷಿಯಿಂದ ಹೊಳೆಯುತ್ತಿತ್ತು.

ನಾನು ಏನು ಮಾಡಿದೆ ಗೊತ್ತೇ? ಪಾತ್ರ ಚೆನ್ನಾಗಿ ಬೆಳೆಸುತ್ತಿದ್ದಾಳೆ ಎಂದುಕೊಂಡು, ಮರೆಯಲ್ಲಿ ನಿಂತು, ಇನ್ನೂ ಜೋರು ಎಂದು ಕೈ ಮಾಡಿದೆ. ಮೂವತ್ತು ವರ್ಷ ಅವಳ ಅಳುವಿಗೆ ಪೇಟಿ ಬಾರಿಸಿದವನು, ಯಾವುದು ಖರೆ ಯಾವುದು ಆಟ ಎಂದು ತಿಳಿಯದಷ್ಟು ಮುಠ್ಠಾಳನಾಗಿದ್ದೆ.

ನನ್ನಂಥವನೇ ಇನ್ನೊಬ್ಬನಿದ್ದ. ನಮ್ಮ ಕಡೆ ನಾಟಕದಲ್ಲಿ ಪಾತ್ರ ಮೆಚ್ಚಿಗೆಯಾದರೆ ನೋಡುವವರು ಆಟದ ನಡುವೆಯೇ ರಂಗ ಹತ್ತಿ, ಕಲಾವಿದೆಯ ಸೆರಗಿಗೆ ನೋಟು ಪಿನ್ನು ಮಾಡಿ ಆಯೇರಿ ಮಾಡುತ್ತಾರೆ. ಹೆಣ ಬಿದ್ದ ದೃಶ್ಯವಾದರೂ ಸರಿ, ಕೊಟ್ಟವರ ಹೆಸರು ಕೂಗುವವರೆಗೆ ಆಟ ನಿಲ್ಲುತ್ತದೆ. ಹಿರೇವಡ್ಡಟ್ಟಿಯ ನಮ್ಮ ಹಳೆಯ ಅಭಿಮಾನಿಯೊಬ್ಬ ಹಗ್ಗದಡಿ ನುಸುಳಿ ಬಂದವನೇ, ಅಳುತ್ತಿದ್ದ ಅವಳ ಸೆರಗಿಗೆ ನೋಟು ಚುಚ್ಚಿ, "ಭಲೇ ಅವ್ವಾ, ಏನ್ ಪಾತ್ರ ಮಾಡಿದಿ!" ಎಂದು ಕೈ ಮುಗಿದ. ಮೈದಾನವೆಲ್ಲ ಸಿಳ್ಳೆ, ಚಪ್ಪಾಳೆ. ಅವಳು ಮೈಕು ಹಿಡಿದುಕೊಂಡೇ ಸುತ್ತ ನೋಡಿದಳು. "ಇದು ಪಾತ್ರ ಅಲ್ರೀ," ಎಂದಳು. ಅದಕ್ಕೂ ಚಪ್ಪಾಳೆ ಬಿತ್ತು.

ಶಾಲಿನ ಅಭ್ಯರ್ಥಿ ಕಲಾವಿದರಲ್ಲಿ ಕಲಾವಿದ. ಚಪ್ಪಾಳೆಯೆಲ್ಲ ಬೇರೆಯವರ ಪಾಲಾಗುವುದನ್ನು ಸಹಿಸಲಿಲ್ಲ. ವೇದಿಕೆಯಿಂದ ಇಳಿದು ಬಂದು, ಶಾಲಿನ ತುದಿಯಿಂದ ಅವಳ ಕಣ್ಣೊರೆಸಿ, ತಾನೂ ಎರಡು ಹನಿ ಉದುರಿಸಿದರು. "ಇಕಿ ನಮ್ಮಕ್ಕ. ನನ್ನ ಜೀವ ಇರೂತನಕ ಈ ಮನೀಗೆ ಕೈ ಹಚ್ಚಾಕ ಬಿಡಂಗಿಲ್ಲ!" ಎಂದು ಕ್ಯಾಮೆರಾ ನೋಡಿ ಹೇಳಿದರು, ಅವಳನ್ನು ನೋಡಿ ಅಲ್ಲ. ಫೈಲಿನವರು ತಲೆ ತಗ್ಗಿಸಿ ಕೂತಿದ್ದರು. ಅವರು ಸೋತದ್ದು ಅಲ್ಲೇ, ಮತದಾನ ಸುಮ್ಮನೆ ಶಾಸ್ತ್ರಕ್ಕೆ ನಡೆಯಿತು.

ಎರಡು ದಿನದಲ್ಲಿ ಸಾಹೇಬರ ಕಡೆಯವರು ಆ ವಿಡಿಯೋ ತುಣುಕಿಗೆ ಪಿಟೀಲು ಸೇರಿಸಿ, ನಿಧಾನವಾಗಿ ಓಡುವಂತೆ ಮಾಡಿ, ದೊಡ್ಡ ಪರದೆಯ ವ್ಯಾನುಗಳಲ್ಲಿ ಹಾಕಿ ಊರೂರು ತಿರುಗಿಸಿದರು. ಅವಳ ಮಾತು ಒಂದೂ ಉಳಿದಿರಲಿಲ್ಲ. ನೋಟಿಸೂ ಇಲ್ಲ, ಪುರಸಭೆಯೂ ಇಲ್ಲ. ಒಬ್ಬ ಹೆಂಗಸು ಅಳುತ್ತಾಳೆ, ಒಬ್ಬ ದೊಡ್ಡ ಮನುಷ್ಯ ಒರೆಸುತ್ತಾನೆ, ಅಷ್ಟೆ. ಶಿರಹಟ್ಟಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಿದ್ದಾಗ ಪಕ್ಕದ ಬೆಂಚಿನವರು ಅದನ್ನೇ ಮಾತಾಡುತ್ತಿದ್ದರು.

"ಕಣ್ಣ ಒರಸಿದ್ದ ನೋಡಿದೇನಲೇ? ಆ ಫೈಲಿನಾಂವಗ ಹಂಗ ಬರಂಗಿಲ್ಲ ಬಿಡು."

ನಾನು ತಡೆಯಲಾರದೆ ಕೇಳಿದೆ. "ಆಕಿ ಯಾಕ ಅತ್ಲು, ಗೊತ್ತೇನ್ರಿ?"

"ಸಾಹೇಬರನ್ನ ನೋಡಿ ಖುಷಿಗೆ ಅತ್ತಿರಬೇಕ ಬಿಡ್ರಿ, ಯಜಮಾನ್ರ," ಎಂದು ಅವನು ಬಿಸ್ಕೀಟು ಚಹಾದಲ್ಲಿ ಅದ್ದಿಕೊಂಡ.

ಇವರ ಮೇಲೆ ನನಗೆ ಕನಿಕರವಿಲ್ಲ. ಬಡವರು, ಓದದವರು ಎಂದು ಸಮಾಧಾನ ಹೇಳುವವರ ಮೇಲೆ ಇನ್ನೂ ಇಲ್ಲ. ಇವರೇ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಮೈಸವರಿ, ನಡೆಸಿ, ಎರಡು ಸಂತೆ ಅಲೆದು ನೋಡುತ್ತಾರೆ. ಐದು ವರ್ಷ ತಮ್ಮನ್ನು ಆಳುವವನನ್ನು ಮಾತ್ರ ಕಣ್ಣೊರೆಸುವ ಚಂದಕ್ಕೆ ಆರಿಸುತ್ತಾರೆ. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎಂದು ಸುಮ್ಮನೆ ಹೇಳಿಲ್ಲ. ಶಾಲಿನವರು ಗೆದ್ದರು.

ಗೆದ್ದ ತಿಂಗಳಿಗೆ ತಂಗಿಯನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಸಾಹೇಬರು ಇರಲಿಲ್ಲ. ಯಾವುದೋ ಟಿವಿಯ ಡಾನ್ಸ್ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬೆಂಗಳೂರಿಗೆ ಹೋಗಿದ್ದರು. ಅವರ ಆಪ್ತ ಸಹಾಯಕ ತಂಗಿಯ ಗುರುತು ಹಿಡಿದು ಕುರ್ಚಿ ಹಾಕಿಸಿದ, ಅವಳ ಜೊತೆ ನಿಂತು ಫೋಟೋ ತೆಗೆಸಿಕೊಂಡ. ಅರ್ಜಿ ಕೊಟ್ಟರೆ, "ಪುರಸಭಿಗೆ ಹೋಗ್ರಿ, ನಾ ಫೋನ್ ಮಾಡಿರ್ತೇನಿ," ಎಂದ.

ಪುರಸಭೆಯಲ್ಲಿ ಸಂಬಂಧಪಟ್ಟ ಅಧಿಕಾರಿ ಅರ್ಜಿ ಓದುವ ಮೊದಲೇ ಅವಳ ಮುಖ ನೋಡಿ ನಕ್ಕ. "ಅಕ್ಕಾರ, ನೀವು ಟಿವಿಯಾಗ ಬರವ್ರು. ಹಕ್ಕುಪತ್ರ ಕೊಡೂ ಬಡವರ ಪಟ್ಯಾಗ ನಿಮ್ಮನ್ನ ಹೆಂಗ್ರಿ ಸೇರಸೂದು? ನಾಳೆ ಯಾರರ ತಕರಾರು ಮಾಡಿದ್ರ ನನ್ನ ನೌಕರಿಗೆ ಕುತ್ತು."

"ಅದು ನಾಟಕ ಅಲ್ರೀ, ಸಾಹೇಬ್ರ. ನನ್ನ ಮನಿ ಖರೇನ ಹೊಂಟೈತಿ," ಎಂದಳು ತಂಗಿ.

"ಅದ ಮಾತು! ಅವತ್ತೂ ಹಿಂಗ ಅಂದಿದ್ರಿ. ನಮ್ಮ ಮನ್ಯಾಗ ಎಲ್ಲಾರೂ ಅತ್ತಾರ ನೋಡ್ರಿ," ಎಂದು ಅವನು ಅಕ್ಕರೆಯಿಂದಲೇ ಹೇಳಿ ಅರ್ಜಿಯನ್ನು ವಾಪಸು ಕೊಟ್ಟ. ನಾನು ಮೇಜು ಗುದ್ದಿ ಕೂಗಾಡಿದೆ. ಆಚೀಚೆಯ ಗುಮಾಸ್ತರು ಮೊಬೈಲು ತೆಗೆದು ನನ್ನನ್ನೂ ಹಿಡಿಯತೊಡಗಿದರು. ಸಿಟ್ಟಿನ ಮುದುಕನ ಪಾತ್ರ ಅವರ ಪಟ್ಟಿಯಲ್ಲೂ ಖಾಲಿ ಇದ್ದಿರಬೇಕು.

ಮುಂದಿನ ಸೋಮವಾರ ಬೆಳಿಗ್ಗೆ ಜೆಸಿಬಿ ಬಂತು. ನಾನು ಗದಗಿನಿಂದ ಮೊದಲ ಬಸ್ಸಿಗೆ ಹೋಗುವಷ್ಟರಲ್ಲಿ ತಗಡು ಕಿತ್ತಿದ್ದರು. ಮಗಳು ಹೊಲಿಗೆ ಯಂತ್ರವನ್ನು ರಸ್ತೆಗೆ ತಂದಿಟ್ಟು, ಅದರ ಮೇಲೆ ಕೈಯಿಟ್ಟು ನಿಂತಿದ್ದಳು. ತಂಗಿ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ಮುಂಡರಗಿಯಲ್ಲಿ ಅವಳ ದೂರದ ಸಂಬಂಧಿಕರು ಒಂದು ಕೋಣೆ ಬಿಟ್ಟುಕೊಡುತ್ತೇವೆ ಎಂದಿದ್ದರಂತೆ.

ಅಷ್ಟರಲ್ಲಿ ಚಾನೆಲ್ಲಿನ ಗಾಡಿಯೂ ಬಂತು. ಅದೇ ನಿರೂಪಕ, ಬೇರೆ ಸೂಟು. ನಾನು ಅಡ್ಡ ನಿಂತರೂ ಬಳಸಿ ಹೋಗಿ ಅವಳ ಮುಂದೆ ಮೈಕು ಹಿಡಿದ. "ಅಕ್ಕಾ, ಸಾಹೇಬರು ಕೊಟ್ಟ ಮಾತು ಏನಾಯ್ತು? ಏನನ್ನಿಸ್ತಿದೆ? ಸ್ವಲ್ಪ ಈ ಕಡೆ ನೋಡಿ ಹೇಳಿ."

ಅವಳು ಪಾತ್ರೆ ಜೋಡಿಸುವುದನ್ನು ನಿಲ್ಲಿಸಲಿಲ್ಲ. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಕ್ಯಾಮೆರಾದವನು ಕಾದ, ಬಾಗಿದ, ಮತ್ತೆ ಕಾದ. ನಿರೂಪಕನಿಗೆ ಸಹನೆ ತಪ್ಪಿತು. "ಅಕ್ಕಾ, ಅವತ್ತು ಅಷ್ಟು ಅತ್ರಲ್ಲ..."

"ಹೌದಪಾ ತಮ್ಮಾ," ಎಂದಳು ಅವಳು. "ನನ್ನ ಅಳು ಆಗ್ಲೇ ನಿನ್ನ ಕಡೆ ಐತೆಲ್ಲ. ಅದನ್ನ ಹಾಕ್ಕೊ."

ಸಂಜೆಯ ಸುದ್ದಿಯಲ್ಲಿ ಅವರು ಆ ಹಳೆಯ ಅಳುವನ್ನೇ ಹಾಕಿದರು.