ಜಗಳದ ಬಟನ್

ನಮ್ಮ ಶಾಲೆಯ ಟ್ಯಾಬ್ ಟೀಚರ್ ಬಾಯಿ ತೆರೆದರೆ ಬೆಲ್ ಹೊಡೆಯುವ ತನಕ ಮುಚ್ಚುವವರಲ್ಲ. ಮಾತು ಬಾರದ ಮಕ್ಕಳು ಬಟನ್ ಒತ್ತಿದರೆ ಅವರ ಪರವಾಗಿ ಮಾತಾಡುವ ಟ್ಯಾಬ್‌ಗೆ ಮಾತು ತುಂಬುವುದು ಇವರ ಕೆಲಸ. ಅದರಲ್ಲಿ ಮೊದಲೇ ಇರುವ ‘ನೀರು ಬೇಕು’, ‘ಥ್ಯಾಂಕ್ಯೂ’ ಇವರಿಗೆ ಸಾಲುವುದಿಲ್ಲ. ‘ಹೋಗೋ’, ‘ನಾನ್ ಕೊಡಲ್ಲ’, ‘ನಿಂಗೇನ್ ಗೊತ್ತು’ ಎಂದೆಲ್ಲ ಸೇರಿಸಿ, ಸ್ಟಾಫ್ ರೂಮಿನಲ್ಲಿ ಮೊದಲು ನಮ್ಮ ಮೇಲೇ ಒತ್ತಿ ನೋಡುತ್ತಾರೆ. “ಮಕ್ಕಳಿಗೆ ಜಗಳ ಕಲಿಸ್ತಿದ್ದೀರೇನ್ರೀ?” ಎಂದು ಹೆಡ್‌ಮಾಸ್ಟರು ರೇಗಿದರೆ, “ಜಗಳ ಆಡೋಕೂ ಬರ್ದಿದ್ರೆ ಅದೆಂಥ ಮಾತು ಸಾರ್?” ಎನ್ನುತ್ತಾರೆ. ಎರಡು ವರ್ಷದಿಂದ ಬರೀ ‘ನೀರು ಬೇಕು’ ಒತ್ತುತ್ತಿದ್ದ ಮೂರನೇ ಕ್ಲಾಸಿನ ಹುಡುಗಿ ನಿನ್ನೆ ಪಾಠದ ನಡುವೆ ಒಂದಾದ ಮೇಲೊಂದು ಮೂರು ಬಟನ್ ಒತ್ತಿದಳು: “ಟೀಚರ್. ಸಾಕು. ಈಗ ನಾನ್ ಮಾತಾಡ್ತೀನಿ.” ಟೀಚರ್ ತೆರೆದ ಬಾಯಿ ಮುಚ್ಚಿ, ಮಕ್ಕಳ ಜೊತೆ ನೆಲದ ಮೇಲೆ ಕೂತರು. ನಿನ್ನೆ ಬೆಲ್ ಹೊಡೆಯುವ ತನಕ ಮಾತಾಡಿದವಳು ಆ ಹುಡುಗಿ.