ಅತ್ತೆಯ ಕೊರಳಿಗೆ ಬಿದ್ದ ರಟ್ಟು

ಮೂಡುಬಿದಿರೆಯ ಆಚೆಗಿರುವ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾನು ಕನ್ನಡ ಟೀಚರ್. ನನ್ನ ಪೀರಿಯಡಿನ ನಲವತ್ತು ನಿಮಿಷ ಬಿಟ್ಟರೆ ಆ ಕಂಪೌಂಡಿನೊಳಗೆ ಕನ್ನಡ ಮಾತಾಡುವಂತಿರಲಿಲ್ಲ. ತುಳುವಿಗಂತೂ ಯಾವ ಪೀರಿಯಡಿನಲ್ಲೂ ಜಾಗವಿರಲಿಲ್ಲ. ಕಾರಿಡಾರಿನಲ್ಲಿ ಮಕ್ಕಳು ಗೋಡೆ ಬದಿಗೆ ಸಾಲಾಗಿ ನಡೆಯಬೇಕು, ಬಾಯಿಯ ಮೇಲೆ ಬೆರಳಿರಬೇಕು, ಎರಡು ಜಡೆಯ ರಿಬ್ಬನ್ ಕಪ್ಪೇ ಆಗಿರಬೇಕು. ಇವೆಲ್ಲ ನಾನು ಕೆಲಸಕ್ಕೆ ಸೇರುವ ಮೊದಲೇ ಇದ್ದ ನಿಯಮಗಳು. ಕೊರಳಿಗೆ ಹಾಕುವ ಕಾರ್ಡು ಮಾತ್ರ ಆಮೇಲೆ ಬಂದದ್ದು. ಅದನ್ನು ಮಾಡಿಸಿದ್ದು ನಾನೇ.

ಶಿಸ್ತಿನ ಉಸ್ತುವಾರಿ ಆ ವರ್ಷ ನನ್ನ ಪಾಲಿಗೆ ಬಂದಿತ್ತು. 'ನಾನು ಇವತ್ತು ಇಂಗ್ಲಿಷ್ ಮಾತಾಡಲಿಲ್ಲ' ಎಂದು ಇಂಗ್ಲಿಷಿನಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು, ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ತೂತು ಹೊಡೆದು ದಾರ ಕಟ್ಟಿ, ತರಗತಿಗೆ ಒಂದರಂತೆ ಕೊಟ್ಟೆ. ತುಳು ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅದು ಬೀಳುತ್ತಿತ್ತು. ಆ ಮಗು ಇನ್ನೊಬ್ಬರು ತುಳು ಮಾತಾಡುವುದನ್ನು ಹಿಡಿದರೆ ಕಾರ್ಡು ಅವರಿಗೆ ದಾಟುತ್ತಿತ್ತು. ಸಂಜೆಯ ಬೆಲ್ಲಾಗುವಾಗ ಯಾರ ಕೊರಳಲ್ಲಿ ಇರುತ್ತದೋ ಅವರು ಮರುದಿನ ಅಸೆಂಬ್ಲಿಯಲ್ಲಿ ಎಲ್ಲರ ಎದುರು ನಿಲ್ಲಬೇಕು. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಇದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ನಾನೇ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ತಡವರಿಸುತ್ತಿದ್ದವಳು. ಚಿಕ್ಕಂದಿನಲ್ಲಿ ನನಗೂ ಯಾರಾದರೂ ಹೀಗೆ ಮಾಡಿದ್ದರೆ ಒಳ್ಳೆಯದಿತ್ತು ಅಂದುಕೊಂಡಿದ್ದೆ.

ನನ್ನ ಮಗಳು ಅದೇ ಶಾಲೆಯಲ್ಲಿ ಒಂದನೇ ತರಗತಿ. ನಮ್ಮ ಮನೆ ವೇಣೂರಿನಿಂದ ಸ್ವಲ್ಪ ಒಳಗೆ. ನಾವಿಬ್ಬರೂ ಶಾಲೆಯ ಬಸ್ಸಿನಲ್ಲೇ ಹೋಗಿಬರುತ್ತಿದ್ದೆವು. ಮನೆಗೆ ಬಂದು ಬಟ್ಟೆ ಬದಲಿಸಿದ ಕೂಡಲೇ ಅವಳು ಜಗಲಿಯಲ್ಲಿ ಇನ್ನೊಂದು ಶಾಲೆ ತೆರೆಯುತ್ತಿದ್ದಳು. ನನ್ನ ಹಳೆಯ ವೇಲ್ ಅವಳಿಗೆ ಸೀರೆ, ಗಾಜು ಬಿದ್ದುಹೋದ ನನ್ನ ಕನ್ನಡಕದ ಫ್ರೇಮು ಅವಳ ಮೂಗಿನ ಮೇಲೆ. ವಿದ್ಯಾರ್ಥಿ ಅಂತ ಇದ್ದದ್ದು ನನ್ನ ಅತ್ತೆ ಒಬ್ಬರೇ.

ಅತ್ತೆ ಐದನೇ ತರಗತಿಗೆ ಶಾಲೆ ಬಿಟ್ಟವರು. ಕನ್ನಡ ಓದುತ್ತಾರೆ, ಆದರೆ ಮಾತಾಡುವುದೆಲ್ಲ ತುಳುವಿನಲ್ಲೇ. ಮೊಮ್ಮಗಳ ಶಾಲೆಗೆ ಅವರು ಒಂದು ದಿನವೂ ತಪ್ಪಿಸಿದವರಲ್ಲ. ದನದ ಹಟ್ಟಿಯ ಕೆಲಸ ಮುಗಿಸಿ, ಕೈಕಾಲು ತೊಳೆದು ಗೋಡೆಗೆ ಒರಗಿ ಕೂರುವರು. 'ಒರಗಬಾರದು' ಅಂದರೆ ನೆಟ್ಟಗೆ ಕೂರುವರು. ಬೆರಳು ಬಾಯಿಗೆ ಅಂದರೆ ಬೆರಳು ಬಾಯಿಗೆ. ನಾನು ಚಹಾ ಕುಡಿಯುತ್ತಾ ಪಕ್ಕದಲ್ಲಿ ಕಾಪಿ ಪುಸ್ತಕ ತಿದ್ದುತ್ತಿದ್ದೆ. ನನ್ನ ಧ್ವನಿಯನ್ನೇ ಮಗಳು ಎಷ್ಟು ಚಂದ ಎತ್ತಿಕೊಂಡಿದ್ದಾಳೆ ಎಂದು ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಒಂದು ಶನಿವಾರ ನನಗೆ ಬಂಟ್ವಾಳದಲ್ಲಿ ತರಬೇತಿ ಇತ್ತು. ಸಂಜೆ ಬಸ್ಸಿಳಿದು ನಮ್ಮ ಊರಿನ ಹಾಲಿನ ಸೊಸೈಟಿಯ ಮುಂದೆ ಬಂದಾಗ ಒಳಗಿದ್ದ ಐದಾರು ಜನ ನನ್ನನ್ನು ಕಂಡು ನಗತೊಡಗಿದರು. ಯಾರೂ ಒಂದು ಮಾತಾಡಲಿಲ್ಲ. ಹಾಲು ಅಳೆಯುವವರು ಬಾಗಿಲಿಗೆ ಬಂದು, ತುಟಿಯ ಮೇಲೆ ಬೆರಳಿಟ್ಟು, ತಮ್ಮ ಎದೆಯತ್ತ ತೋರಿಸಿದರು. ಸೀರೆ ಬಾಕ್ಸಿನ ಮುಚ್ಚಳದಿಂದ ಕತ್ತರಿಸಿದ ರಟ್ಟೊಂದು ಅವರ ಕೊರಳಲ್ಲಿ ನೇತಾಡುತ್ತಿತ್ತು. ಅದರ ಮೇಲೆ ನನ್ನ ಕಾರ್ಡಿನ ಅದೇ ಸಾಲು, ಸ್ಕೆಚ್ ಪೆನ್ನಿನಲ್ಲಿ. ಒಂದು ಅಕ್ಷರ ತಿರುವುಮುರುವಾಗಿತ್ತು. ನಾನೂ ನಕ್ಕುಬಿಟ್ಟೆ.

ಆದದ್ದೇನೆಂದು ಮನೆಯಲ್ಲಿ ಅತ್ತೆ ಹೇಳಿದರು. ಮಧ್ಯಾಹ್ನ ಮಗಳ ಜಗಲಿ ಶಾಲೆಯಲ್ಲಿ ತುಳು ಮಾತಾಡಿದ್ದಕ್ಕೆ ಅವರ ಕೊರಳಿಗೆ ರಟ್ಟು ಬಿದ್ದಿತ್ತು. ಬೇರೆ ಯಾರಾದರೂ ಸಿಕ್ಕಿಬೀಳುವವರೆಗೆ ತೆಗೆಯುವಂತಿಲ್ಲವಲ್ಲ, ಹಾಗೇ ಹಾಲಿನ ಕ್ಯಾನು ಹಿಡಿದು ಹೊರಟರು. ಮಗಳು ಹಿಂದೆಯೇ ಕಾವಲಿಗೆ ಹೋದಳು. ಸೊಸೈಟಿಯಲ್ಲಿ ಹಾಲು ಅಳೆಯುವವರು 'ದಾದ ಅಕ್ಕ ಉಂದು?' ಎಂದು ಕೇಳಿದ್ದೇ ತಡ, ಇದೇನಕ್ಕ ಅನ್ನುವ ಆ ಒಂದು ತುಳು ಮಾತಿಗೆ ರಟ್ಟು ಅವರ ಕೊರಳಿಗೆ ದಾಟಿತು. ಅಲ್ಲಿಂದ ಒಬ್ಬೊಬ್ಬರಿಗೂ ಒಂದೊಂದು ಸರದಿಯಾಗಿ ಮತ್ತೆ ಅವರ ಕೊರಳಿಗೇ ಬಂತು. ಕೊನೆಗೆ ಮಾತಾಡುವವರೇ ಇಲ್ಲದೆ ಎಲ್ಲರೂ ಕೈಸನ್ನೆಯಲ್ಲೇ ಹಾಲು ಹಾಕಿ ಹೋದರಂತೆ. ಹೇಳುತ್ತಾ ಅತ್ತೆಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇವಳ ತಲೆ ನೋಡು ಮಾರಾಯ್ತಿ, ಎಲ್ಲಿಂದ ಹುಟ್ಟುತ್ತದೋ ಇಂಥದ್ದೆಲ್ಲ" ಅಂದರು. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

"ನಾನು ಮಾಡಿದ್ದಲ್ಲ ಅಜ್ಜಿ" ಅಂದಳು ಮಗಳು. "ಅಮ್ಮ ಮಾಡಿದ್ದು. ಅಮ್ಮನದ್ದಕ್ಕೆ ಪ್ಲಾಸ್ಟಿಕ್ ಉಂಟು."

ಅತ್ತೆ ನನ್ನ ಮುಖ ನೋಡಿದರು. ಅಷ್ಟು ದಿನ ಅವರು ಅದನ್ನು ಮಗುವಿನ ಕಲ್ಪನೆ ಎಂದೇ ತಿಳಿದಿದ್ದರು. ಬೆರಳು ಬಾಯಿಗೆ, ಗೋಡೆಗೆ ಒರಗಬಾರದು, ನೀರು ಕುಡಿಯಲು ಅಪ್ಪಣೆ, ಎಲ್ಲವೂ ಆಟಕ್ಕಾಗಿ ಹುಟ್ಟಿಸಿದ್ದು ಅಂತ. ನಾನು ನಿಯಮ ವಿವರಿಸಿದೆ. ತಂದೆ ತಾಯಂದಿರೇ ಕೇಳುವುದು, ದುಡ್ಡು ಕೊಟ್ಟು ಕಳಿಸುವುದೇ ಇಂಗ್ಲಿಷಿಗಾಗಿ ಎಂದೆಲ್ಲ ಹೇಳಿದೆ. ಅತ್ತೆ ವಾದಿಸುವವರಲ್ಲ. ಕಲಿಯಲಿ, ಒಳ್ಳೆಯದೇ, ಅಂದರು. ಆಮೇಲೆ ಮೊಮ್ಮಗಳತ್ತ ತಿರುಗಿ, ಹೊಟ್ಟೆನೋವು ಬಂದರೆ ಮಿಸ್ಸಿಗೆ ಏನು ಹೇಳ್ತಿ ಎಂದು ಕೇಳಿದರು. ಅವಳು ಇಂಗ್ಲಿಷಿನಲ್ಲಿ ಪಟಪಟನೆ ಹೇಳಿದಳು. ಜ್ವರ ಬಂದರೆ? ಅದನ್ನೂ ಹೇಳಿದಳು. ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

"ಕಿವಿಗೆ ಇರುವೆ ಹೋದರೆ ಹೇಳ್ಲಿಕ್ಕೆ ಬರುವುದಿಲ್ಲ."

"ಯಾರ ಕಿವಿಗೆ?" ಅಂದರು ಅತ್ತೆ.

"ನನ್ನದಕ್ಕೆ."

"ಮತ್ತೆ ಏನು ಮಾಡಿದೆ?"

"ಬೆರಳು ಬಾಯಿಗಿಟ್ಟು ಕೂತೆ. ಅದು ಸ್ವಲ್ಪ ಹೊತ್ತು ಒಳಗೆ ಓಡಿತು. ಮತ್ತೆ ನಿಂತಿತು."

ಅದು ಯಾವತ್ತು ಆದದ್ದು ಎಂದು ಕೇಳಿದೆ. ಅವಳಿಗೆ ದಿನ ಗೊತ್ತಿರಲಿಲ್ಲ, ಡ್ರಾಯಿಂಗ್ ಇದ್ದ ದಿನ ಅಂದಳು. ಎರಡು ವಾರದ ಹಿಂದೆ ಅವಳು ಕಿವಿನೋವು ಅಂದದ್ದು, ತಲೆಸ್ನಾನದ ನೀರು ಹೋಗಿರಬೇಕು ಎಂದು ನಾನು ಎಣ್ಣೆ ಬಿಸಿಮಾಡಿ ಬಿಟ್ಟದ್ದು ಆಗ ಹೊಳೆಯಿತು. ನನ್ನ ತರಗತಿ ಅವಳ ತರಗತಿಯಿಂದ ಮೂರು ಬಾಗಿಲು ಆಚೆ. ಬರಬಹುದಿತ್ತಲ್ಲ ಅಂದರೆ, ಕ್ಲಾಸು ಬಿಟ್ಟು ಬರಬಾರದು ಅಂತ ನೀನೇ ಹೇಳಿದ್ದಲ್ಲ, ಅಂದಳು. ಬೈಗುಳ ಇರಲಿಲ್ಲ ಅದರಲ್ಲಿ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೆ. ಅತ್ತೆ ಎದ್ದು, ಅವಳನ್ನು ಬೆಳಕಿಗೆ ಕರೆದುಕೊಂಡು ಹೋಗಿ ಎರಡೂ ಕಿವಿ ನೋಡಿದರು.

ಸೋಮವಾರ ರಜೆ ಹಾಕಿ ಬೆಳ್ತಂಗಡಿಯ ಡಾಕ್ಟರಿಗೆ ತೋರಿಸಿದೆ. ಒಳಗೆ ಸಣ್ಣ ಗಾಯವಾಗಿ ಒಣಗಿದೆ, ಈಗ ಏನೂ ಇಲ್ಲ, ಎಂದು ಅವರು ಹನಿ ಔಷಧ ಬರೆದುಕೊಟ್ಟರು. ಬರುವಾಗ ಬಸ್ಸಿನಲ್ಲಿ ಮಗಳು ನಿದ್ದೆ ಮಾಡಿದಳು. ನಾನು ಮಾತ್ರ, ಒಂದನೇ ತರಗತಿಯಲ್ಲಿ ಅವಳಷ್ಟೂ ಇಂಗ್ಲಿಷ್ ಬಾರದ ಮಕ್ಕಳು ಎಷ್ಟಿದ್ದಾರೆ ಎಂದು ಒಂದೊಂದೇ ಮುಖ ನೆನಪು ಮಾಡಿಕೊಳ್ಳುತ್ತಾ ಕೂತೆ.

ಮರುದಿನ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ, ಕಾರ್ಡು ನಿಲ್ಲಿಸುವ ಅಂದೆ. ಅವರು ಕೆಟ್ಟವರಲ್ಲ. ಕನ್ನಡ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ಮೊದಲ ಸಂದರ್ಶನಕ್ಕೆ ಹೋದಾಗ ಬಾಯಿ ಬಿಡಲಾಗದೆ ಎದ್ದುಬಂದವರು. ಆ ಕತೆ ನಮಗೆಲ್ಲ ಗೊತ್ತಿತ್ತು. ಕೇಳಿಸಿಕೊಂಡು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ದೊಡ್ಡ ಕ್ಲಾಸಿಗೆ ಇರಲಿ ಟೀಚರ್, ಪೋಷಕರಿಗೆ ನಾನು ಉತ್ತರ ಕೊಡ್ಬೇಕು. ಒಂದರಿಂದ ಮೂರರವರೆಗೆ ನೀವೇ ಹೋಗಿ ತೆಗ್ದುಬಿಡಿ" ಅಂದರು.

ನಾನು ಹೋರಾಡಲಿಲ್ಲ. ಮೂರು ತರಗತಿಯ ಕಾರ್ಡು ತೆಗೆದು ಬೀರುವಿನೊಳಗೆ ಹಾಕಿದೆ. ದೊಡ್ಡ ತರಗತಿಗಳಲ್ಲಿ ಅದು ಮುಂದಿನ ವರ್ಷವೂ ಇತ್ತು. ಆಮೇಲೆ ಅದರ ಬದಲಿಗೆ ಡೈರಿಯಲ್ಲಿ ಕೆಂಪು ಗೆರೆ ಹಾಕುವ ಕ್ರಮ ಬಂತು.

ಮನೆಯಲ್ಲಿ ಮಗಳ ಶಾಲೆ ಕೆಲವು ದಿನ ನಡೆದು ನಿಂತುಹೋಯಿತು. ಯಾರೂ ನಿಲ್ಲಿಸು ಅಂದಿರಲಿಲ್ಲ. ಅವಳು ಬಸ್ ಕಂಡಕ್ಟರ್ ಆದಳು. ಜಗಲಿಯ ಮೆಟ್ಟಿಲ ಮೇಲೆ ನಿಂತು ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಎಂದು ಕೂಗಿ ಸೀಟಿ ಊದಿದರೆ, ಅತ್ತೆ ಚೀಲ ಹಿಡಿದು ಹತ್ತಿ ಕೂರುವರು. ಈ ಬಸ್ಸಿನಲ್ಲಿ ಅವರು ಬಾಯಿಗೆ ಬಂದದ್ದೆಲ್ಲ ಮಾತಾಡುತ್ತಿದ್ದರು.

ಕಾರ್ಡು ತೆಗೆದ ಆ ವಾರ ಊಟದ ಹೊತ್ತಿಗೆ ನಾನು ಒಂದನೇ ತರಗತಿಗೆ ಹೋಗಿ, ಯಾರಿಗಾದರೂ ಏನಾದರೂ ಹೇಳಲಿಕ್ಕೆ ಉಂಟಾ ಎಂದು ತುಳುವಿನಲ್ಲೇ ಕೇಳಿದ್ದೆ. ಮಕ್ಕಳು ಬಾಗಿಲು ನೋಡಿದರು, ನನ್ನ ಕೈ ನೋಡಿದರು. ಬಹಳ ಹೊತ್ತು ಯಾರೂ ಏಳಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಟಿಫಿನ್ ಬಾಕ್ಸ್ ಹಿಡಿದುಕೊಂಡು ಬಂದಳು. ಮುಚ್ಚಳ ಬಿಗಿಯಾಗಿದೆ, ತನ್ನಿಂದ ತೆಗೆಯಲಾಗುವುದಿಲ್ಲ ಎಂದು ಪಿಸುದನಿಯಲ್ಲಿ ಹೇಳಿದಳು. ಇಷ್ಟು ದಿನ ಏನು ಮಾಡಿದೆ ಎಂದು ಕೇಳಿದ್ದಕ್ಕೆ, ಪಕ್ಕದವಳ ಡಬ್ಬಿಯಿಂದ ತಿನ್ನುತ್ತಿದ್ದೆ ಅಂದಳು. ಮುಚ್ಚಳ ನಿಜವಾಗಿಯೂ ಬಿಗಿಯಾಗಿತ್ತು. ನಾನು ಸೆರಗಿನಲ್ಲಿ ಹಿಡಿದು ತಿರುಗಿಸಿ ತೆಗೆದುಕೊಟ್ಟೆ. ಒಳಗೆ ಚಿತ್ರಾನ್ನ ಇತ್ತು. ಅವಳು ನಿಂತಲ್ಲೇ ತಿನ್ನತೊಡಗಿದಳು. ಅವಳ ಹಿಂದೆ ಇನ್ನಿಬ್ಬರು ಡಬ್ಬಿ ಹಿಡಿದು ಬಂದು ನಿಂತರು.